ಗುಂಡು ನಿರೋಧಕ ಕಡತ

ದೇಶ ಕಾಯುವ ಹೊಣೆ ಸೈನಿಕನದ್ದು ಎಂದು ನಂಬಿದ್ದೀರಾ? ಕೇಂದ್ರ ಸರ್ಕಾರದ 1961ರ ಕಾರ್ಯ ಹಂಚಿಕೆ ನಿಯಮಗಳನ್ನು ಬಿಡಿಸಿ ನೋಡಿ. ಭಾರತದ ಮತ್ತು ಅದರ ಪ್ರತಿಯೊಂದು ಭಾಗದ ರಕ್ಷಣೆ, ಯುದ್ಧ ಬಂದರೆ ಅದನ್ನು ನಡೆಸಲು ಬೇಕಾದ ಏರ್ಪಾಟು, ಎಲ್ಲವೂ ರಕ್ಷಣಾ ಕಾರ್ಯದರ್ಶಿಯವರ ಇಲಾಖೆಯ ಪಾಲಿಗಿವೆ. ಆ ಕುರ್ಚಿಯಲ್ಲಿ ಕೂರುವವರು ಐಎಎಸ್ ಅಧಿಕಾರಿ. ಭೂಸೇನೆ, ನೌಕಾಪಡೆ, ವಾಯುಪಡೆಗಳೋ, 2020ರಿಂದ ಪಕ್ಕದ ಸೇನಾ ವ್ಯವಹಾರಗಳ ಇಲಾಖೆಗೆ ಸೇರಿವೆ. ರಕ್ಷಣೆ ಒಬ್ಬರಿಗೆ, ಸೇನೆ ಇನ್ನೊಬ್ಬರಿಗೆ. ಆಸ್ತಿ ಪಾಲಾದಾಗ ಬಾವಿ ಅಣ್ಣನಿಗೂ ಹಗ್ಗ ತಮ್ಮನಿಗೂ ಬಂದ ಹಾಗೆ.

ಆ ಎರಡನೆಯ ಇಲಾಖೆಯ ಯಜಮಾನರು ರಕ್ಷಣಾ ಪಡೆಗಳ ಮುಖ್ಯಸ್ಥರು. ಅವರ ಹುದ್ದೆಯದೇ ಒಂದು ಪುರಾಣ. ಕಾರ್ಗಿಲ್ ಯುದ್ಧದ ಪಾಠ ಕಲಿತ ಸಚಿವರ ಗುಂಪು, ಮೂರೂ ಪಡೆಗಳಿಗೆ ಒಬ್ಬ ಹಿರಿಯ ಬೇಕೆಂದು 2001ರಲ್ಲಿ ಶಿಫಾರಸು ಮಾಡಿತು. ಸರ್ಕಾರ ತಡಮಾಡಲಿಲ್ಲ; ಆ ಹಿರಿಯರಿಗೆ ನೆರವಾಗಬೇಕಾದ ಕಚೇರಿಯನ್ನು ಅದೇ ವರ್ಷ ತೆರೆದುಬಿಟ್ಟಿತು. ಹಿರಿಯರು ಅಧಿಕಾರ ವಹಿಸಿಕೊಂಡದ್ದು 2020ರ ಜನವರಿ 1ರಂದು. ನಡುವಿನ ಹದಿನೆಂಟು ವರ್ಷ ಆ ಕಚೇರಿ ಯಾರಿಗೆ ನೆರವಾಗುತ್ತಿತ್ತು ಎಂದು ಕೇಳಬೇಡಿ, ರಹಸ್ಯ ಕಾಯ್ದೆ ಅಡ್ಡ ಬಂದೀತು. ಜನರಲ್ ಬಿಪಿನ್ ರಾವತ್ ದುರಂತದಲ್ಲಿ ತೀರಿಕೊಂಡ ಮೇಲೆ ಕುರ್ಚಿ ಮತ್ತೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಖಾಲಿ ಬಿತ್ತು. ಕುರ್ಚಿಯಲ್ಲಿ ಕೂತವರಾದರೂ ಏನು? ಸಚಿವರಿಗೆ ಸಲಹೆಗಾರರು, ಇಲಾಖೆಗೆ ಕಾರ್ಯದರ್ಶಿ, ಮೂರೂ ಪಡೆಗಳ ದಂಡನಾಯಕರ ಸಮಿತಿಗೆ ಅಧ್ಯಕ್ಷರು. ತಲೆ ಒಂದು, ಟೋಪಿ ಮೂರು. ಆ ಮೂವರು ದಂಡನಾಯಕರ ಮೇಲೆ ಇವರಿಗೆ ಸೇನಾ ಆಜ್ಞಾಧಿಕಾರ ಇರುವುದಿಲ್ಲ ಎಂದು ಹುದ್ದೆ ಸೃಷ್ಟಿಸಿದ ಪ್ರಕಟಣೆಯಲ್ಲೇ ಬರೆದಿಟ್ಟಿದ್ದರು!

ಇನ್ನು ದಿಕ್ಕುಗಳ ವಿಚಾರ. ಪೂರ್ವ ಎಲ್ಲಿದೆ? ಭೂಸೇನೆಯನ್ನು ಕೇಳಿದರೆ ಕೋಲ್ಕತ್ತ ಎನ್ನುತ್ತದೆ, ವಾಯುಪಡೆ ಶಿಲ್ಲಾಂಗ್ ಎನ್ನುತ್ತದೆ, ನೌಕಾಪಡೆ ವಿಶಾಖಪಟ್ಟಣ ಎನ್ನುತ್ತದೆ. ಮೂರರದೂ ಪೂರ್ವ ಕಮಾಂಡ್ ಎಂಬ ಹೆಸರೇ. ಪಶ್ಚಿಮವೂ ಹೀಗೆಯೇ ಚಂಡೀಮಂದಿರ, ದೆಹಲಿ, ಮುಂಬೈಗಳಲ್ಲಿ ಹಂಚಿಹೋಗಿದೆ. ಶತ್ರು ಬರುವ ಮುನ್ನ ಯಾವ ಪಡೆಯ ಪೂರ್ವಕ್ಕೆ ಬರುತ್ತಿದ್ದೇನೆಂದು ಲಿಖಿತವಾಗಿ ತಿಳಿಸಿದರೆ ಎಲ್ಲರಿಗೂ ಅನುಕೂಲ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ಆಡಿಕೊಳ್ಳುವವರಿಗೆ ಖರೀದಿ ಎಂಬ ತಪಸ್ಸು ಗೊತ್ತಿಲ್ಲ. ಗುಂಡು ನಿರೋಧಕ ಕವಚಗಳಿಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. 2016ರಲ್ಲಿ ತುರ್ತೆಂದು 50 ಸಾವಿರ ಕವಚ ತರಿಸಿಕೊಂಡರು. ಏಳು ವರ್ಷ ಕಳೆದ ಮೇಲೆ ಹುಟ್ಟುವ ತುರ್ತು ಸಾಮಾನ್ಯದ್ದಲ್ಲ. 1.86 ಲಕ್ಷ ಕವಚಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2018ರಲ್ಲಿ. ಅಲ್ಲಿಯವರೆಗೆ ಆಕ್ಷೇಪಣೆ, ಸ್ಪಷ್ಟೀಕರಣ, ಮರುಪರೀಕ್ಷೆಗಳ ಸುರಿಮಳೆಯಲ್ಲಿ ಕಡತಕ್ಕೆ ಒಂದು ಗೀರೂ ಬೀಳಲಿಲ್ಲ. ಅದರ ರಟ್ಟನ್ನೇ ಕತ್ತರಿಸಿ ಹೊಲಿದಿದ್ದರೆ ಆಗುತ್ತಿತ್ತೇನೋ.

ಯುದ್ಧವಿಮಾನಗಳದ್ದು ಇನ್ನೂ ಸೊಗಸು. 2007ರಲ್ಲಿ 126 ವಿಮಾನಗಳಿಗೆ ಟೆಂಡರ್. ಆರು ಕಂಪನಿಗಳ ವಿಮಾನಗಳನ್ನು ಸುಡುಬಿಸಿಲಲ್ಲೂ ಲೇಹ್‌ನ ಚಳಿಯಲ್ಲೂ ಹಾರಿಸಿ ನೋಡಿದ ಮೇಲೆ 2012ರಲ್ಲಿ ರಫೇಲ್‌ ಆಯ್ಕೆ. ಮೂರು ವರ್ಷ ಚೌಕಾಶಿ. 2015ರಲ್ಲಿ ಟೆಂಡರೇ ರದ್ದು. ಮರುವರ್ಷ 36 ವಿಮಾನಗಳಿಗೆ ಬೇರೆ ಒಪ್ಪಂದ. ಉಳಿದ 90 ಬೇಡವಾದವೇ? ಛೆ, 2018ರಲ್ಲಿ ಸುಮಾರು 110 ವಿಮಾನಗಳು ಬೇಕೆಂದು ಮತ್ತೆ ಮೊದಲಿನಿಂದ ಮಾಹಿತಿ ಕೇಳಲಾಯಿತು. ಹಳೆಯ ಕಂಪನಿಗಳೇ ಹೊಸ ಉತ್ತರಗಳನ್ನು ಹೊತ್ತು ಬಂದವು. ದಾರಿ ಹೇಗೂ ಗೊತ್ತಿತ್ತಲ್ಲ.