ಮೋಸ ಆಪ್‌ನದ್ದಲ್ಲ, ಆದರೂ ಒಂದು ತಕರಾರು

ದಾಳ ಹಾಕುವ ಮೊಬೈಲ್ ಆಪ್ ಬಗ್ಗೆ ನಿಮ್ಮ ಬರಹ ಓದಿದೆ. ‘ಮೊಬೈಲ್‌ನ ದಾಳ ಬೇಕೆಂದೇ ಆರು ಕೊಡುವುದಿಲ್ಲ’ ಎಂದು ಬರೆದಿದ್ದೀರಿ. ಒಪ್ಪಲು ಆಗಲಿಲ್ಲ. ಮರದ ದಾಳವನ್ನೇ ಹತ್ತು ಸಲ ಹಾಕಿ ನೋಡಿ. ಹತ್ತರಲ್ಲಿ ಒಂದೂ ಆರು ಬೀಳದಿರುವ ಸಾಧ್ಯತೆ ನೂರಕ್ಕೆ ಸುಮಾರು 16. ಅಪರೂಪವೇನಲ್ಲ. ಲೂಡೋದಲ್ಲಿ ಆರಿಗಾಗಿ ಕಾಯುತ್ತಾ ಕಾಯಿ ಇನ್ನೂ ಮನೆಯಲ್ಲೇ ಕೂತಿದ್ದಾಗ ಅದು ಜಾಸ್ತಿ ಚುಚ್ಚುತ್ತದೆ, ಅಷ್ಟೆ.

ಕಳೆದ ರಜೆಯಲ್ಲಿ ನಮ್ಮ ಲೂಡೋ ದಾಳ ಬೀರುವಿನಡಿ ಸೇರಿತು. ಆಪ್ ಹಾಕಿಕೊಂಡೆವು. ಫೋನ್ ಅಲುಗಿಸಿದರೆ ಕಟಕಟ ಸದ್ದು, ದಾಳ ಅಂಚಿಗೆ ಬಡಿದು ಹೊರಳುತ್ತದೆ, ಕೆಳಗೆ ನೆರಳೂ ಬೀಳುತ್ತದೆ. ನಮ್ಮಜ್ಜಿ ಪ್ರತಿ ಸಲ ಫೋನಿಗೆ ‘ಉಫ್’ ಎಂದು ಊದಿಯೇ ಅಲುಗಿಸುತ್ತಿದ್ದರು!

ನನ್ನ ತಕರಾರು ಬೇರೆ. ಇದೇ ಆಪ್ ಚೌಕಾಬಾರಕ್ಕೂ ಸಾಕು ಎಂದಿರಲ್ಲ, ಅದು ತಪ್ಪು. ಅಲ್ಲಿ ದಾಳದ ಬದಲು ನಾಲ್ಕು ಕವಡೆ. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆ ಎಂದುಕೊಂಡರೂ, 16ರಲ್ಲಿ 6 ಸಲ ಎರಡು ಕವಡೆ ಅಂಗಾತ ಬಿದ್ದು ಎರಡು ಬರುತ್ತದೆ. ನಾಲ್ಕೂ ಬೋರಲು ಬಿದ್ದರೆ ನಮ್ಮ ಕಡೆ ಎಂಟು, ಅದು 16ರಲ್ಲಿ ಒಂದೇ ಸಲ. ಎಂಟು ಬಿದ್ದಾಗ ಮನೆಯವರೆಲ್ಲ ಕೂಗುವುದು ಸುಮ್ನೆ ಅಲ್ಲ, ಅಲ್ವಾ? ಆರು ಮುಖದ ದಾಳದಲ್ಲಿ ಆ ಎಂಟು ಎಲ್ಲಿಂದ ಬರಬೇಕು?