ಬಾಟ್ ಮಾತ್ರ ಬಲು ಚುರುಕು

ಅಂತೂ ಉತ್ತರ ಬಂತು! ನಾನು ಡೆಬಿಯನ್ ಅನ್ನುವ ಲಿನಕ್ಸ್ ಡಿಸ್ಟ್ರೋಗೆ (ಆಪರೇಟಿಂಗ್ ಸಿಸ್ಟಮ್‌ಗೆ) ಪ್ಯಾಕೇಜ್ ಮಾಡುವ ಒಂದು ಪ್ರೈವಸಿ ಸಾಫ್ಟ್‌ವೇರ್ ಇದೆ, ಅದರ ಮೂಲ ಡೆವಲಪರ್‌ಗಳಿಗೆ ಕಳಿಸಿದ್ದ ಪ್ಯಾಚ್‌ಗೆ, ಅಂದರೆ ಕೋಡ್ ತಿದ್ದುಪಡಿಗೆ. ಉತ್ತರ ಕೊಟ್ಟಿದ್ದು ಮನುಷ್ಯರಲ್ಲ, ತಾನಾಗಿ ಓಡುವ ಬಾಟ್. ಬಹಳ ದಿನದಿಂದ ಯಾರೂ ಮಾತಾಡಿಲ್ಲವಂತೆ, ಅದಕ್ಕೇ ನನ್ನ ಕೋರಿಕೆಯನ್ನು ಮುಚ್ಚಿದೆಯಂತೆ. ಮಾತಾಡದೆ ಕೂತಿದ್ದು ಯಾರು ಸ್ವಾಮಿ?

ಪ್ಯಾಚ್ ದೊಡ್ಡದೇನಲ್ಲ. ಈ ಪ್ರೋಗ್ರಾಮ್ ಶುರುವಾದ ಕೂಡಲೇ ಹೊಸ ಆವೃತ್ತಿ ಇದೆಯಾ ಅಂತ ಅವರ ಸರ್ವರ್ ಅನ್ನು ಕೇಳುತ್ತದೆ. ವಿಳಾಸ ಮರೆಮಾಡುವ ಟಾರ್ ಜಾಲದ ಮೂಲಕ ಅಲ್ಲ, ನೇರವಾಗಿ! ಬಳಸುವವರ ಐಪಿ ವಿಳಾಸ ಸೀದಾ ಅಲ್ಲಿಗೆ ಹೋಗುತ್ತದೆ. ಎಚ್‌ಟಿಟಿಪಿಎಸ್ (ಎನ್‌ಕ್ರಿಪ್ಟ್ ಆದ ಸಂಪರ್ಕ) ಇದ್ದರೂ ಯಾವ ಸರ್ವರ್‌ಗೆ ಹೋಯಿತು ಅನ್ನುವುದು ನೆಟ್‌ವರ್ಕ್ ನೋಡುತ್ತಿರುವವನಿಗೆ ಕಾಣುತ್ತದೆ. ಬಚ್ಚಿಟ್ಟುಕೊಳ್ಳುವ ಮೊದಲು ಕೂಗಿ ಹೇಳಿದ ಹಾಗೆ. ಡೆಬಿಯನ್‌ನಲ್ಲಿ ಅಪ್‌ಡೇಟ್ ನೋಡಿಕೊಳ್ಳಲು ಆಪ್ಟ್ ಅನ್ನುವ ಪ್ರೋಗ್ರಾಮ್ ಇದೆ, ಹಾಗಾಗಿ ಆ ಕೋಡ್ ತೆಗೆದೆ.

ತೆಗೆದದ್ದು ಸರಿಯಾ ಅಂತ ಕೇಳಿದ್ದೇ ನನ್ನ ಅಪರಾಧ. ಅದೇ ಫೈಲ್‌ನಲ್ಲಿ ಪ್ರಾಕ್ಸಿ ಸೆಟ್ಟಿಂಗ್ (ಸಂಪರ್ಕ ಯಾವ ನಡುವಿನ ಸರ್ವರ್ ಮೂಲಕ ಹೋಗಬೇಕು ಅನ್ನುವುದು) ಓದುವ ಕೋಡೂ ಇದೆ. ಎರಡಕ್ಕೂ ನಂಟಿದೆಯಾ? ಬರೆದವರಿಗೆ ಮಾತ್ರ ಗೊತ್ತು. ಬೇರೆ ಸಾಫ್ಟ್‌ವೇರ್ ಆಗಿದ್ದರೆ ಸುಮ್ನೆ ಮುಂದೆ ಹೋಗುತ್ತಿದ್ದೆ. ಇಲ್ಲಿ ಭಯ ಆಗುತ್ತದೆ ಕಣ್ರೀ.

ಯಾಕೆ ಅಂತೀರಾ? 2006ರಲ್ಲಿ ಡೆಬಿಯನ್‌ನವರು ಓಪನ್‌ಎಸ್‌ಎಸ್‌ಎಲ್ ಅನ್ನುವ ಎನ್‌ಕ್ರಿಪ್ಶನ್ ಲೈಬ್ರರಿಯಲ್ಲಿ ಎಚ್ಚರಿಕೆ ಬರಿಸುತ್ತಿದ್ದ ಸಾಲುಗಳನ್ನು ತೆಗೆದರು. ಮೂಲ ಡೆವಲಪರ್‌ಗಳನ್ನು ಕೇಳಿಯೂ ಇದ್ದರು, ಸಿಕ್ಕ ಉತ್ತರ ಅರೆಬರೆ. 2008ರಲ್ಲಿ ಬಯಲಾಯಿತು: ಎನ್‌ಕ್ರಿಪ್ಶನ್ ಕೀ ತಯಾರಿಸುವಾಗ ಉಳಿದಿದ್ದ ಯಾದೃಚ್ಛಿಕತೆ, ಓಡುತ್ತಿರುವ ಪ್ರೋಗ್ರಾಮ್‌ಗೆ ಸಿಸ್ಟಮ್ ಕೊಡುವ ಪ್ರೋಸೆಸ್ ನಂಬರ್ ಒಂದೇ. ಒಂದೊಂದು ಬಗೆಯ ಕೀಗೂ ಹೆಚ್ಚೆಂದರೆ 32,768 ಸಾಧ್ಯತೆ. ಕೂತು ಎಲ್ಲವನ್ನೂ ಲೆಕ್ಕ ಹಾಕಿಬಿಡಬಹುದು! ಆ ಕೀಗಳನ್ನೆಲ್ಲ ಬಿಸಾಡಿ ಹೊಸದಾಗಿ ಮಾಡಬೇಕಾಯಿತು. ಇವತ್ತಿಗೂ ಬೈಗುಳ ಡಿಸ್ಟ್ರೋದವರಿಗೇ.

ಈಗ ಹೇಳುತ್ತೀರಿ, ಅವರೂ ಬಿಟ್ಟಿ ಕೆಲಸ ಮಾಡುವವರು, ಒತ್ತಡ ಹಾಕಬೇಡ, 2024ರಲ್ಲಿ ಬಯಲಾದ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಸಾಫ್ಟ್‌ವೇರ್‌ನ ಕಥೆ ನೆನಪಿಲ್ವಾ ಅಂತ. ನೆನಪಿದೆ. ಸುಸ್ತಾಗಿದ್ದ ಒಬ್ಬನೇ ಡೆವಲಪರ್, ಮೇಲೆ ಬಿದ್ದು ಪೀಡಿಸಿದ ಯಾರೆಂದೇ ಗೊತ್ತಿಲ್ಲದ ಜನ, ಸಹಾಯಕ್ಕೆ ಅಂತ ಬಂದು ಹಿಂಬಾಗಿಲು ಇಟ್ಟವನು. ಆದರೆ ನನಗೇನು ಸಂಬಳ ಬರುತ್ತಾ? ನಾನು ಕೇಳಿದ್ದು ಕೆಲಸವನ್ನಲ್ಲ, ಒಂದು ಮಾತು. ‘ಆಗಲ್ಲ’ ಅಂದರೂ ಸಾಕಿತ್ತು. ಮೇಲಾಗಿ ಇವರು ಸುಸ್ತಾಗಿಲ್ಲ. ಮೊನ್ನೆ ತಾನೇ ಹೊಸ ಐಕಾನ್, ಡಾರ್ಕ್ ಥೀಮ್ ಎಲ್ಲ ಬಂದಿದೆ. ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ಅವರ ಪುಟ ನೋಡಿದರೆ, ಸ್ಕ್ರಿಪ್ಟ್ ಅನ್ನು ಕರ್ಲ್ ಕಮಾಂಡ್‌ನಲ್ಲಿ ಇಳಿಸಿ ಓದದೆಯೇ ಸುಡೋ (ಇಡೀ ಕಂಪ್ಯೂಟರ್ ಮೇಲಿನ ಅಧಿಕಾರ) ಕೊಟ್ಟು ಓಡಿಸಿ ಅನ್ನುತ್ತದೆ. ಯಾರನ್ನೂ ನಂಬಬೇಡಿ, ನಮ್ಮನ್ನು ಬಿಟ್ಟು!

ನಿಜ ಹೇಳಬೇಕಂದ್ರೆ ಪ್ಯಾಕೇಜ್ ಅನ್ನು ಅನಾಥ ಅಂತ ಘೋಷಿಸಿ ಕೈ ತೊಳೆದುಕೊಳ್ಳುವ ಯೋಚನೆ ಹಲವು ಸಲ ಬಂದಿದೆ. ಆದರೆ ಡೆಬಿಯನ್‌ನ ಸ್ಟೇಬಲ್ ಆವೃತ್ತಿ ಬಳಸುವವರು ನನ್ನ ಪ್ಯಾಚ್ ನಂಬಿಕೊಂಡೇ ಬಳಸುತ್ತಿದ್ದಾರೆ ಅಲ್ವಾ? ಹಾಗಾಗಿ ಪ್ರತಿ ಹೊಸ ಆವೃತ್ತಿಗೂ ಅದು ಕೂರದೆ ಹೋದಾಗ ಮತ್ತೆ ತಿದ್ದುತ್ತೇನೆ. ಮೂಲದವರಿಗೆ ಕಳಿಸಿದ್ದೀರಾ ಅಂತ ಕೇಳುವ ಸಾಲು ಪ್ಯಾಚ್‌ನ ತಲೆಯಲ್ಲೇ ಇದೆ. ಅಲ್ಲಿ ಬಾಟ್ ಮುಚ್ಚಿದ ಪುಟದ ಲಿಂಕ್ ಹಾಕಿದ್ದೇನೆ.

‘ಫೋರ್ಕ್ ಮಾಡಿಬಿಡಿ ಸಾರ್’ (ಕೋಡ್ ನಕಲು ಮಾಡಿ ನೀವೇ ನಡೆಸಿ) ಅಂತ ಕಾಮೆಂಟ್ ಹಾಕಲು ಹೊರಟವರು ಮೊದಲು ಆ ಪ್ರಾಕ್ಸಿ ಫೈಲ್ ಓದಿ ಬನ್ನಿ.