ಯಾರೂ ತೊಡದ 34

ನವೆಂಬರ್ 1 ಬಂದರೆ ನನಗೆ ರಾಜ್ಯೋತ್ಸವದ ಸಡಗರ. 2024ರಲ್ಲಿ ಅದೇ ದಿನ ನಾನಿರುವ ಲಾಸ್ ಏಂಜಲೀಸ್ ನಗರ ತನ್ನ ಬೇಸ್‌ಬಾಲ್ ತಂಡ ಡಾಡ್ಜರ್ಸ್‌ನ ವಿಜಯದ ಮೆರವಣಿಗೆಯಲ್ಲಿ ಮುಳುಗಿತ್ತು. ಆ ತಂಡದ ಹಳೆಯ ಎಸೆತಗಾರ ಫರ್ನಾಂಡೊ ವ್ಯಾಲೆನ್ಜುವೆಲಾ ಬದುಕಿದ್ದರೆ ಅಂದು ಅವರಿಗೆ 64 ತುಂಬುತ್ತಿತ್ತು. ಅಕ್ಟೋಬರ್ 22ರಂದು ಅವರು ತೀರಿಕೊಂಡಿದ್ದರು.

ಮೆಕ್ಸಿಕೋದ ಸೊನೋರಾದ ಪುಟ್ಟ ಹಳ್ಳಿಯ ಹುಡುಗ. ಚೆಂಡೆಸೆಯುವ ಮುನ್ನ ಕಣ್ಣು ಆಕಾಶಕ್ಕೆ ತಿರುಗುತ್ತಿತ್ತು. 1981ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಮೊದಲ ಎಂಟೂ ಪಂದ್ಯ ಗೆದ್ದುಕೊಟ್ಟರು. ಇಲ್ಲಿನ ಮೆಕ್ಸಿಕನ್ ಮೂಲದವರಿಗೆ ಆ ಗೆಲುವು ಏಕೆ ಅಷ್ಟು ದೊಡ್ಡದು ಎಂಬುದು ತಿಳಿಯಬೇಕಾದರೆ ಡಾಡ್ಜರ್ಸ್ ಕ್ರೀಡಾಂಗಣದ ನೆಲದ ಕಥೆ ಗೊತ್ತಿರಬೇಕು. ಷಾವೆಜ್ ರವೀನ್ ಎಂಬ ಆ ಜಾಗದಲ್ಲಿದ್ದ ಅವರ ಮನೆಗಳನ್ನು 1950ರ ದಶಕದಲ್ಲಿ ತೆರವುಗೊಳಿಸಲಾಗಿತ್ತು. ಮುನಿದು ದೂರ ಉಳಿದಿದ್ದ ಎಷ್ಟೋ ಕುಟುಂಬಗಳನ್ನು ಇಂಗ್ಲಿಷ್ ಬಾರದ ಈ ಹುಡುಗ ಮತ್ತೆ ಅಲ್ಲಿಗೆ ಕರೆತಂದ.

ಅವರು ತಂಡ ಬಿಟ್ಟದ್ದು 1991ರಲ್ಲಿ. ಆಮೇಲೆ ಅವರ 34ನೇ ಸಂಖ್ಯೆಯ ಅಂಗಿಯನ್ನು ಯಾರೂ ತೊಡಲಿಲ್ಲ. ಹಾಗೊಂದು ಆದೇಶವೇನೂ ಇರಲಿಲ್ಲ. ಆಟಗಾರರ ಉಡುಪು ನೋಡಿಕೊಳ್ಳುವವರು ಅದನ್ನು ಬೇರೆಯವರಿಗೆ ಕೊಡಲಿಲ್ಲ, ಅಷ್ಟೇ. ತಂಡ ಅಧಿಕೃತವಾಗಿ ಆ ಸಂಖ್ಯೆಯನ್ನು ಅವರಿಗೇ ಮೀಸಲಿಟ್ಟದ್ದು 2023ರಲ್ಲಿ. ಅದನ್ನು ಕಣ್ಣಾರೆ ಕಾಣುವಷ್ಟು ಅವರು ಬದುಕಿದ್ದರು ಎಂಬುದೇ ನನಗೆ ಸಮಾಧಾನ.

ಅವರು ಹೋದ ಮೂರೇ ದಿನಕ್ಕೆ ಬೇಸ್‌ಬಾಲ್‌ನ ಅಂತಿಮ ಸರಣಿ ವರ್ಲ್ಡ್ ಸೀರೀಸ್ ಶುರುವಾಯಿತು. ಗಣ್ಯರು ಮೊದಲ ಚೆಂಡೆಸೆಯುವ ವಾಡಿಕೆ ಅಂದು ನಡೆಯಲಿಲ್ಲ. ಇಬ್ಬರು ಹಳೆಯ ಸಂಗಾತಿಗಳು ಚೆಂಡನ್ನು ಎಸೆತದ ದಿಬ್ಬದ ಮೇಲಿಟ್ಟು ಹೊರಟರು. ಟಿವಿಯ ಮುಂದೆ ಕುಳಿತಿದ್ದ ನನಗೆ ಗಂಟಲು ಕಟ್ಟಿತು.

ಅಗಲಿದವರ ಜಾಗವನ್ನು ಖಾಲಿ ಬಿಡುವ ಈ ಪದ್ಧತಿ ನನಗೆ ಬಹುಕಾಲ ತಣ್ಣಗೆ ಕಂಡಿತ್ತು. ನಮ್ಮದು ಕೊಟ್ಟು ನೆನೆಯುವ ರೀತಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಅವರ ಹೆಸರಿನಲ್ಲಿ ಇಂದಿಗೂ ಅನ್ನದಾನ, ರಕ್ತದಾನ ನಡೆಯುತ್ತವೆ. ಅದಕ್ಕಿಂತ ದೊಡ್ಡ ಸ್ಮಾರಕ ನನಗೆ ಗೊತ್ತಿಲ್ಲ, ಈಗಲೂ ಹಾಗೆಯೇ ಅನ್ನುತ್ತೇನೆ. ಆದರೆ ಯಾರೂ ಹೇಳದಿದ್ದರೂ ಒಂದು ಅಂಗಿಯನ್ನು ಮೂವತ್ತಕ್ಕೂ ಹೆಚ್ಚು ವರ್ಷ ಕಾದಿಟ್ಟುಕೊಳ್ಳುವುದೂ ಪ್ರೀತಿಯೇ. ನಮ್ಮವರ ಮೆರವಣಿಗೆ, ಜಯಘೋಷಗಳ ನಡುವೆ ಅಂಥದೊಂದು ಮೌನಕ್ಕೂ ಜಾಗವಿರಲಿ ಎಂದು ಆಸೆಪಡುತ್ತೇನೆ.

ಅಂದು ಸಂಜೆ ಮನೆಯಲ್ಲಿ ಹಳದಿ–ಕೆಂಪು ಬಾವುಟದ ಪಕ್ಕದಲ್ಲೇ ಮಗಳು ತನ್ನ 34ರ ನೀಲಿ ಅಂಗಿಯನ್ನು ತೂಗುಹಾಕಿದಳು.